ಕದ್ದ ಮನೆಗಳ ಜೋಳ

ಕಮಲಾಪುರ
14 ಫೆಬ್ರವರಿ 1988

ಪ್ರೀತಿಯ ತಮ್ಮ ಚಂದ್ರಶಾನಿಗೆ ಅಕ್ಕ ಮಲ್ಕಮ್ಮಳ ಆಶೀರ್ವಾದ.

ಸಂಕ್ರಾಂತಿಗೆ ಮುಂಚೆ ನಮ್ಮ ಕಿರಿಯವ ಕಾಶಿರಾಯ ನಿನ್ನ ಕೋಣೆಯಿಂದ ವಾಪಸು ಬಂದವನು ಮತ್ತೆ ಕಲಬುರಗಿಯ ಹೆಸರು ಎತ್ತಿಲ್ಲ. ಅಣ್ಣನಿಗೆ ಪ್ರೆಸ್ಸಿನಲ್ಲಿ ಕೆಲಸ ಹೆಚ್ಚಾಗಿದೆ, ಅದಕ್ಕೆ ಕಳಿಸಿದ ಎಂದಷ್ಟೇ ಹೇಳಿದ. ನಿನ್ನ ಕಾರ್ಡಿನಲ್ಲೂ ಅದೇ ಇತ್ತು. ಇಬ್ಬರದೂ ಒಂದೇ ಮಾತಾದ್ದರಿಂದ ನಂಬಿದೆ.

ಅವನು ಮತ್ತೆ ಸೇಂದಿ ಅಂಗಡಿಯ ದಾರಿ ಹಿಡಿದಿದ್ದ. ಹೋದ ತಿಂಗಳು ಎರಡು ದಿನ ಕುಡಿಯಲು ಸಿಗದೆ ಅಂಗಳದಲ್ಲಿ ಬಿದ್ದು ಒದ್ದಾಡಿದ, ಬಾಯಲ್ಲಿ ನೊರೆ ಬಂತು. ಓಣಿಯವರು ಗಾಳಿ ಸೋಕಿದೆ ಎಂದರು. ನಾನು ಇಲ್ಲಿಯ ಸರಕಾರಿ ದವಾಖಾನೆಗೆ ಒಯ್ದೆ. ಸೇಂದಿಗೆ ಬೆರೆಸುವ ಪುಡಿ ಮೈಗೆ ಹತ್ತಿದೆ, ಒಮ್ಮೆಲೇ ನಿಂತರೆ ಹೀಗಾಗುತ್ತದೆ ಎಂದು ಡಾಕ್ಟರು ಔಷಧ ಕೊಟ್ಟು ಎಬ್ಬಿಸಿ ಕಳಿಸಿದರು. “ನಮ್ಮ ಕೆಲಸ ಮುಗೀತವ್ವ, ಮುಂದಿಂದು ನಿಮ್ಮದು” ಎಂದರು.

ಮುಂದಿನದು ಎಂದರೆ ಏನು? ಹದಿನಾರು ವರ್ಷದ ಹುಡುಗನನ್ನು ಕಟ್ಟಿ ಹಾಕಲೇ? ಅಂಗನವಾಡಿಯ ಮಕ್ಕಳನ್ನು ಬಿಟ್ಟು ಇವನ ಹಿಂದೆ ತಿರುಗಲೇ? ಅದಕ್ಕೇ ಅವನನ್ನು ಕೆಲಕಾಲ ಇಟ್ಟುಕೊಳ್ಳುವ ಜಾಗ ಹುಡುಕುತ್ತಿದ್ದೇನೆ. ನಿಮ್ಮ ಕಲಬುರಗಿಯಲ್ಲಿ ಕ್ರೈಸ್ತ ಸಿಸ್ಟರುಗಳ ಮನೆಯೊಂದಿದೆ. ಹೋಗಿ ನೋಡಿದೆ, ಚೊಕ್ಕಟವಾಗಿದೆ, ಮಾತು ಮೃದು. ಆದರೆ ಅದು ಪಟ್ಟಣ, ಅವನ ಸೇಂದಿಯ ಗೆಳೆಯರು ಗೇಟಿನ ಹೊರಗೇ ಇರುತ್ತಾರೆ. ಪಂಕ್ಚರ್ ಅಂಗಡಿಯ ನಬಿಸಾಬ್ ಒಂದು ದರ್ಗಾ ಹೇಳಿದ. ಅಲ್ಲಿ ಮನೆಯವರೂ ಜೊತೆಗೆ ಉಳಿಯಬೇಕಂತೆ, ನನಗೆ ಆಗದು. ಮೂರನೆಯದು ನಮ್ಮೂರ ಆಚೆ ಗುಡ್ಡದ ಮೇಲಿನ ವಿಠ್ಠಲನ ಮಠ. ತುಳಜಪ್ಪ ಬುವಾ ಎಂಬವರು ನಡೆಸುತ್ತಾರೆ. ಇಂಥ ಹುಡುಗರು ಒಂದು ವರ್ಷ ಇದ್ದು ಹೊಲ ಮಾಡುತ್ತಾರೆ, ಭಜನೆ ಕಲಿಯುತ್ತಾರೆ, ತುಳಸಿಮಾಲೆ ಹಾಕಿಸಿಕೊಂಡು ಕುಡಿತ ಬಿಡುತ್ತಾರೆ. ಸೇರುವ ಮುಂಚೆ ಜೋಳಿಗೆ ಹಾಕಿಕೊಂಡು ತನ್ನೂರಿನ ಕೆಲವು ಮನೆಗಳಲ್ಲಿ ಹಿಡಿ ಜೋಳ ಬೇಡಿ ತರಬೇಕು. ಅದು ಬುವಾ ಹಾಕಿದ ಪದ್ಧತಿ.

ನನ್ನ ಮನಸ್ಸು ಮಠದ ಕಡೆಗಿದೆ. ನಿನ್ನ ಭಾವ ಧರ್ಮಣ್ಣನವರು “ನಿನ್ನ ಕಾಮ್ರೇಡ್ ತಮ್ಮಗ ಕೇಳು, ಇಲ್ಲಾಂದ್ರ ನಮ್ಮ ಮನೀ ಮ್ಯಾಲೇ ಪೋಸ್ಟರ್ ಹಚ್ತಾನ” ಎಂದರು. ಅದಕ್ಕೆ ಕೇಳುತ್ತಿದ್ದೇನೆ.

ನಿನ್ನ ಅಕ್ಕ
ಮಲ್ಕಮ್ಮ


ಗಾಜಿಪುರ, ಕಲಬುರಗಿ
20 ಫೆಬ್ರವರಿ 1988

ಅಕ್ಕ,

ಕೇಳಿದ್ದಕ್ಕೆ ಹೇಳುತ್ತೇನೆ. ಬೇಡ.

ಸೇಂದಿ ಅಂಗಡಿಗಳನ್ನು ಹರಾಜು ಹಾಕಲು ಸರಕಾರಕ್ಕೆ ಇಲಾಖೆ ಇದೆ, ಕುರ್ಚಿ ಇದೆ, ಜೀಪು ಇದೆ. ಆ ಅಂಗಡಿಯ ಮುಂದೆ ಬಿದ್ದ ಹುಡುಗನನ್ನು ಎತ್ತಿ ಮಲಗಿಸಲು ಒಂದು ಚಾಪೆ ಇಲ್ಲ. ಇದನ್ನು ಬೀದಿಯಲ್ಲಿ ನಿಂತು ಕೇಳಬೇಕಾದವರು ನಾವು. ಕೇಳುವ ಬದಲು ಒಬ್ಬರು ಇಗರ್ಜಿಗೆ, ಒಬ್ಬರು ದರ್ಗಾಕ್ಕೆ, ಒಬ್ಬರು ಗುಡ್ಡಕ್ಕೆ ಹೋಗುತ್ತೇವೆ. ನೀನು ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ ದೇವರನ್ನು ಆರಿಸುತ್ತಿದ್ದೀಯ. ಕೊಳೆತದ್ದು ಬುಟ್ಟಿಯೇ ಎಂದು ಯಾರು ಹೇಳಬೇಕು?

ಅದರ ಮೇಲೆ ಜೋಳಿಗೆ! ನಮ್ಮ ಅಪ್ಪ ಕಲ್ಲು ಒಡೆದು ಸತ್ತ, ಯಾರ ಬಾಗಿಲಿಗೂ ಕೈ ಒಡ್ಡಲಿಲ್ಲ. ಭಿಕ್ಷೆ ಬೇಡಿದ ಕೈ ಹಕ್ಕು ಕೇಳುವುದನ್ನು ಮರೆಯುತ್ತದೆ. ನಮ್ಮ ಯುವಕ ಸಂಘ ಜಗತ್ ಸರ್ಕಲ್ಲಿನಲ್ಲಿ ನಿಂತು ಹಂಚುವ ಪುಸ್ತಿಕೆಯಲ್ಲಿ ಈ ಮಾತು ಇದೆ. ಅದನ್ನು ನಾನು ಹಂಚುವುದಕ್ಕಷ್ಟೇ ಇಟ್ಟುಕೊಂಡಿಲ್ಲ, ಅದರಂತೆ ಬದುಕುತ್ತಿದ್ದೇನೆ. ಒಂದು ಬೆಂಕಿಕಡ್ಡಿಯನ್ನೂ ನಾನು ನೆರೆಯವರ ಹತ್ತಿರ ಕೇಳಿದವನಲ್ಲ. ನನ್ನ ತಮ್ಮ ಊರ ಮುಂದೆ ಭಿಕ್ಷುಕನಾಗಿ ನಿಲ್ಲುವುದು ನನಗೆ ಬೇಡ.

ಹಾಗಾದರೆ ನನ್ನಲ್ಲಿಗೆ ಕಳಿಸಲೇ ಎಂದು ಕೇಳುತ್ತೀಯ. ಅದೂ ಆಗದು. ಕಾರಣ ಬರೆಯಲಾರೆ. ಪ್ರೆಸ್ಸಿನಲ್ಲಿ ಕೆಲಸ ಇದ್ದೇ ಇದೆ.

ನಿನ್ನ ತಮ್ಮ
ಚಂದ್ರಶಾ


ಕಮಲಾಪುರ
3 ಮಾರ್ಚ್ 1988

ಚಂದ್ರಶಾ,

ಹೋದ ಪತ್ರದಲ್ಲಿ ಒಂದನ್ನು ಮುಚ್ಚಿಟ್ಟಿದ್ದೆ. ನಿನಗೆ ನೋವಾಗಬಾರದೆಂದು ಮುಚ್ಚಿಟ್ಟೆ.

ಜೋಳ ಬೇಡುವುದು ಯಾವುದೋ ಮನೆಯಲ್ಲಲ್ಲ, ಅವನು ಕದ್ದ ಮನೆಗಳಲ್ಲಿ. ಸೇಂದಿಗಾಗಿ ಅವನು ಎದುರುಮನೆ ವಿಮಲಾಬಾಯಿಯ ತಾಮ್ರದ ಕೊಡ ಒಯ್ದ, ನಬಿಸಾಬನ ಗಾಳಿಪಂಪು ಒಯ್ದ. ಹಿಂದಿನ ಓಣಿಯ ಮಸ್ತಾನಬಿ ಗೊತ್ತಲ್ಲ, ಗಂಡ ಸತ್ತ ಮೇಲೆ ಆಡು ಸಾಕಿಕೊಂಡೇ ಬದುಕಿದವಳು, ಅವಳ ಗಬ್ಬದ ಆಡನ್ನು ಹಗ್ಗ ಬಿಚ್ಚಿ ಹೊಡೆದುಕೊಂಡು ಹೋಗಿ ಹುಮನಾಬಾದ ಸಂತೆಯಲ್ಲಿ ಮಾರಿದ. ಬುವಾ ಹೇಳುವುದು ಇಷ್ಟೆ: ಕದ್ದ ಬಾಗಿಲಲ್ಲಿ ನಿಂತು ಏನು ಕದ್ದೆ ಎಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ಹಿಡಿ ಜೋಳ ಕೇಳಬೇಕು. ಮನೆಯವರು ಶಿಫಾರಸು ಮಾಡಕೂಡದು. ಎಲ್ಲ ಮನೆಗಳ ಜೋಳ ಬಂದ ದಿನ ಆ ಜೋಳದ್ದೇ ರೊಟ್ಟಿ ಬಡಿದು, ಮಠದ ಹುಡುಗರೆಲ್ಲ ಅವನ ಜೊತೆ ಕೂತು ಉಣ್ಣುತ್ತಾರೆ. ಒಂದು ಮನೆ ಉಳಿದರೂ ಸೇರಿಸಿಕೊಳ್ಳುವುದಿಲ್ಲ.

ನಿನ್ನ ಪತ್ರ ಬರುವ ಮುಂಚೆಯೇ ಅವನು ಹೊರಟ. ನಾನು ಸ್ವಲ್ಪ ಹಿಂದೆ, ಗೋಡೆಯ ಮರೆಯಲ್ಲಿ ನೋಡುತ್ತ ಹೋದೆ. ವಿಮಲಾಬಾಯಿ ಅವನ ಏಳು ತಲೆಮಾರನ್ನು ಬೈದಳು, ಬೈಯುತ್ತಲೇ ಎರಡು ಹಿಡಿ ಹಾಕಿದಳು. ನಬಿಸಾಬ್ ಜೋಳಿಗೆಯೊಳಗೆ ಇಣುಕಿ, “ಪಂಪ್ ವಾಪಸ್ ತಂದಿ ಅಂದ್ಕೊಂಡಿದ್ದೆನಲ್ಲೋ, ಬರೇ ಚೀಲ ತಂದೀಯಲ್ಲ” ಎಂದು ನಗಿಸಿ ಜೋಳ ತರಿಸಿದ.

ಮಸ್ತಾನಬಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಅವಳ ಕಣ್ಣಲ್ಲಿ ಸಿಟ್ಟೂ ಇರಲಿಲ್ಲ. “ಆಡು ಕೊಟ್ಟೀನಿ. ಇನ್ನ ಜ್ವಾಳ ಬ್ಯಾರೆ ಕೊಡಬೇಕೇನೋ?” ಎಂದಳು. ಬಾಗಿಲು ಹಾಕಿದಳು.

ಅವನು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಸೇಂದಿ ಅಂಗಡಿಗೆ ಮಾತ್ರ ಹೋಗಲಿಲ್ಲ.

ಮಲ್ಕಮ್ಮ


ಗಾಜಿಪುರ
10 ಮಾರ್ಚ್ 1988

ಅಕ್ಕ,

ಇದನ್ನು ನನ್ನಿಂದ ಮುಚ್ಚಿಟ್ಟೆಯಲ್ಲ! ಮನೆಯವರಿಗೇ ಸತ್ಯ ಹೇಳದವರು ಮನೆಯ ಹುಡುಗನನ್ನು ತಿದ್ದುವುದು ಹೇಗೆ?

ಮಸ್ತಾನಬಿಯದು ನ್ಯಾಯ. ಬಡ ವಿಧವೆಯ ಆಡು ಕದ್ದವನು ಅವಳ ಜೋಳವನ್ನೂ ತರಬೇಕೆಂಬ ಬುವಾನದು ಯಾವ ನ್ಯಾಯ? ಸಂಘದ ಗೆಳೆಯ ಲಾಲ್ ಅಹ್ಮದ್ ಆಡಿನ ವ್ಯಾಪಾರ ಬಲ್ಲವನು. ಅವನೊಡನೆ ಹೋಗಿ ಒಂದು ಗಬ್ಬದ ಆಡು ತಂದು ಅವಳ ಅಂಗಳದಲ್ಲಿ ಕಟ್ಟುತ್ತೇನೆ. ಅಲ್ಲಿಗೆ ಬಾಕಿ ತೀರಿತು, ಜೋಳಿಗೆಯೂ ಬೇಡ ಗುಡ್ಡವೂ ಬೇಡ.

ಬುವಾನಿಗೆ ನೇರವಾಗಿ ಪತ್ರ ಬರೆದಿದ್ದೇನೆ. ಹುಡುಗರ ನಾಚಿಕೆಯ ಮೇಲೆ ಮಠ ಕಟ್ಟಬೇಡಿ ಎಂದು ಬರೆದಿದ್ದೇನೆ. ಮೃದುವಾಗಿ ಬರೆದಿಲ್ಲ.

ಚಂದ್ರಶಾ


ಕಮಲಾಪುರ
2 ಏಪ್ರಿಲ್ 1988

ಚಂದ್ರಶಾನಿಗೆ,

ಆಡು ತರಬೇಡ. ಕದ್ದವನು ನೀನಲ್ಲ ಎಂದು ಮಸ್ತಾನಬಿಯೇ ಹೇಳಿದ್ದಾಳೆ.

ನಿನ್ನ ಪತ್ರ ಬುವಾನಿಗೆ ಮುಟ್ಟಿತು. ಭಜನೆ ಮುಗಿದ ಮೇಲೆ ಎಲ್ಲರೆದುರು ಓದಿಸಿದನಂತೆ. ಹುಡುಗರು ಸಿಟ್ಟಾದರು. ಅವನು ತಾಳ ಒರೆಸುತ್ತ, “ಇವ ಬರದದ್ದರಾಗ ಅರ್ಧ ಖರೇ ಅದ. ಉಳಿದರ್ಧ ನಾ ಎದುರಿಗೆ ಕೇಳತೀನಿ, ಬಾ ಅಂತ ಹೇಳ್ರಿ” ಎಂದನಂತೆ. ಮಣ್ಣು ಮೆತ್ತಿದ ಧೋತರದ ಮುದುಕ ಅವನು, ಜಗಳಕ್ಕೆ ನೀನು ಕಳಿಸಿದ ಆಮಂತ್ರಣವನ್ನು ಖುಷಿಯಿಂದಲೇ ಒಪ್ಪಿಕೊಂಡಿದ್ದಾನೆ.

ಇಲ್ಲಿ ನಡೆದದ್ದು ಬೇರೆ. ಕಾಶಿ ಎರಡನೆಯ ಸಲ ಹೋದಾಗಲೂ ಮಸ್ತಾನಬಿ ಬಾಗಿಲು ತೆರೆಯಲಿಲ್ಲ. ಮೂರನೆಯ ಸಲ ಹೋದಾಗ ಅವಳು ಆಡು ಬಿಡುವ ಹೊತ್ತು. ಕೈಯಲ್ಲಿನ ಕೋಲನ್ನು ಅವನ ಕಡೆ ಎಸೆದು, “ಮೊದಲ ಇವನ್ನ ಮೇಯಿಸ್ಕೊಂಡು ಬಾ. ಒಂದ ಕಮ್ಮಿ ಆದರ ನಿನ್ನ ತೊಗಲ ಸುಲೀತೀನಿ” ಎಂದಳಂತೆ. ಸಂಜೆ ಎಲ್ಲ ಆಡು ಮನೆಗೆ ಬಂದವು. ಮರುದಿನ ಅವನು ತಾನೇ ಹೋದ. ಅಂದಿನಿಂದ ದಿನಾ ಹೋಗುತ್ತಿದ್ದಾನೆ.

ನಿನ್ನ ಭಾವ, “ಕಳ್ಳನ ಕೈಯಾಗೇ ಆಡು ಕೊಟ್ಟಾಳ. ಮಸ್ತಾನಬಿಗಿಂತ ದೊಡ್ಡ ಭಕ್ತರು ಯಾ ಮಠದಾಗೂ ಇಲ್ಲ ಬಿಡು” ಎಂದು ನಗುತ್ತಾರೆ. ನಾನು ಮಾತ್ರ ಸಂಜೆ ಆಡುಗಳ ಕೊರಳ ಗಂಟೆಯ ಸದ್ದು ಕೇಳುವವರೆಗೆ ಬಾಗಿಲಲ್ಲೇ ನಿಂತಿರುತ್ತೇನೆ. ಕೆಂಪು ಬಾಳೆಯ ತೋಟಕ್ಕೆ ಆಡು ನುಗ್ಗಿಸಿದನೋ, ಸಂತೆಗೆ ಹೊಡೆದುಕೊಂಡು ಹೋದನೋ ಎಂದು.

ಮಲ್ಕಮ್ಮ


ಗಾಜಿಪುರ
9 ಏಪ್ರಿಲ್ 1988

ಅಕ್ಕ,

ಇದಕ್ಕೆ ಕಾನೂನಿನಲ್ಲಿ ಜೀತ ಎಂದು ಹೆಸರು. ಹಳೆಯ ಬಾಕಿಗಾಗಿ ಕೂಲಿಯಿಲ್ಲದೆ ದುಡಿಸುವುದು ಅಪರಾಧ. ಈ ದೇಶದಲ್ಲಿ ಜೀತ ಹುಟ್ಟಿದ್ದೇ ಹೀಗೆ, ಒಂದು ಚೀಲ ಜೋಳಕ್ಕೆ ಒಂದು ತಲೆಮಾರು. ಯಜಮಾನನ ಜಾಗದಲ್ಲಿ ಬಡ ಹೆಂಗಸು ನಿಂತಳೆಂದು ತಪ್ಪು ಸರಿಯಾಗದು. ಅವನಿಗೆ ದಿನಗೂಲಿ ಗೊತ್ತುಮಾಡು ಎಂದು ಅವಳಿಗೆ ಹೇಳು. ಇಲ್ಲವಾದರೆ ತಹಸೀಲ್ದಾರರಿಗೆ ಅರ್ಜಿ ಹೋಗುತ್ತದೆ, ನನ್ನ ಸಹಿಯಲ್ಲೇ.

ಚಂದ್ರಶಾ


ಕಮಲಾಪುರ
24 ಏಪ್ರಿಲ್ 1988

ಚಂದ್ರಶಾ,

ನಿನ್ನ ಪತ್ರವನ್ನು ಮಸ್ತಾನಬಿಗೆ ಓದಿ ಹೇಳಿದೆ. ನೀನು ಹೇಳು ಎಂದೆ, ಹೇಳಿದೆ. ರಂಜಾನ್ ತಿಂಗಳು ನಡೆದಿದೆ. ಅವಳು ತಾನು ಹನಿ ನೀರೂ ಮುಟ್ಟದೆ ಕಾಶಿಗೆ ಬುತ್ತಿ ಕಟ್ಟುತ್ತಿದ್ದಳು. ಗಂಟು ಹಾಕುವುದನ್ನು ನಿಲ್ಲಿಸದೆ ಕೇಳಿ, “ಪಗಾರ ಕೈಯಾಗ ಕೊಟ್ರ ಎಲ್ಲಿಗಿ ಹೋಗ್ತಾನ, ನಿನ್ನ ಶಾಣ್ಯಾ ತಮ್ಮಗ ಕೇಳು. ಅದಕ್ಕ ರೊಟ್ಟಿ ಕೊಡಾಕತ್ತೀನಿ” ಎಂದಳು.

ಇನ್ನೊಂದು ಹೇಳುತ್ತೇನೆ. ಹೋದ ವಾರ ಆಡುಗಳು ತಾವೇ ಮನೆಗೆ ಬಂದವು. ಅವನು ಬರಲಿಲ್ಲ. ಹುಡುಕಿದಾಗ ಸೇಂದಿ ಅಂಗಡಿಯ ಹಿಂದೆ ಬಿದ್ದಿದ್ದ, ಎತ್ತಿ ತಂದು ಮನೆಯಲ್ಲಿ ಮಲಗಿಸಿದೆವು. ಎಲ್ಲ ಮುಗಿಯಿತು ಎಂದುಕೊಂಡೆ. ಬುವಾನಿಗೆ ಏನು ಹೇಳಲಿ, ನಿನಗೆ ಏನು ಬರೆಯಲಿ ಎಂದು ಅಡುಗೆಮನೆಯಲ್ಲಿ ಕೂತು ಅತ್ತೆ. ಬೆಳಗ್ಗೆ ಮಸ್ತಾನಬಿ ನಮ್ಮ ಬಾಗಿಲಲ್ಲಿದ್ದಳು. ಕೋಲಿನ ತುದಿಯಿಂದ ಅವನ ಕಾಲು ತಿವಿದಳು.

“ಏಳು.”

ಅವನು ಮುಸುಕಿನೊಳಗಿಂದ, “ನಾ ಕುಡದೀನಿ ಚಾಚಿ” ಎಂದ.

“ಕುಡದದ್ದು ನೀನು. ಆಡೇನು ಕುಡದಿಲ್ಲ. ಅವು ಹಸದಾವ, ಏಳು.”

ಎದ್ದು ಹೋದ ಚಂದ್ರಶಾ. ನೀನು ಅದಕ್ಕೆ ಜೀತ ಎನ್ನು, ಬುವಾ ಭಕ್ತಿ ಎನ್ನಲಿ. ಅವನನ್ನು ಬೈದವರುಂಟು, ಹೊಡೆದವರುಂಟು, ನಾನು ಕಾಲಿಗೂ ಬಿದ್ದಿದ್ದೇನೆ. ಬಿದ್ದ ಮರುದಿನವೇ ಅವನಿಗೆ ಕೆಲಸ ಒಪ್ಪಿಸಿದವರು ಈವರೆಗೆ ಯಾರೂ ಇರಲಿಲ್ಲ.

ಅರ್ಜಿ ಬರೆಯುವುದಿದ್ದರೆ ಬರೆ. ನನಗೆ ಪತ್ರ ಬರೆಯಬೇಡ.

ಮಲ್ಕಮ್ಮ


ಗಾಜಿಪುರ
15 ಮೇ 1988

ಅಕ್ಕ,

ಬರೆಯಬೇಡ ಎಂದೆ. ಇಷ್ಟು ದಿನ ತಡೆದೆ. ಅರ್ಜಿ ಬರೆದೆ, ಕಳಿಸಲಿಲ್ಲ. ಲಾಲ್ ಅಹ್ಮದ್ ಓದಿ, “ಇದರಾಗ ಅಪರಾಧಿ ಯಾರು ಅನ್ನೂದ ತಿಳೀವಲ್ದು” ಎಂದ.

ಯೋಚಿಸಿ ನೋಡಿದೆ. ನೀನು ಬರೆದದ್ದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಕಾಶಿಯನ್ನು ಎಬ್ಬಿಸಿದ್ದು ವಿಠ್ಠಲನಲ್ಲ, ಕೆಲಸ. ಒಬ್ಬಳು ಹೆಂಗಸು ಅವನ ಮೇಲೆ ಇಟ್ಟ ನಂಬಿಕೆ. ಇದು ಮನುಷ್ಯರಿಂದ ಮನುಷ್ಯರಿಗೆ ಆದದ್ದು, ನಡುವೆ ಮಾಲೆ ಇಲ್ಲ, ತಾಳ ಇಲ್ಲ. ಹಾಗಿದ್ದ ಮೇಲೆ ಮಠ ಯಾಕೆ? ಅವನು ಊರಲ್ಲೇ ಇರಲಿ, ಆಡು ಮೇಯಿಸಲಿ, ಮುಂದಿನ ವರ್ಷ ಹತ್ತನೇ ಪರೀಕ್ಷೆ ಕಟ್ಟಲಿ. ಪುಸ್ತಕ ನಾನು ಕಳಿಸುತ್ತೇನೆ.

ಮಸ್ತಾನಬಿಗೆ ಹಬ್ಬದ ಶುಭಾಶಯ ಹೇಳು. ಕೂಲಿಯ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡೆ ಎಂದೂ ಹೇಳು.

ನಿನ್ನ ತಮ್ಮ
ಚಂದ್ರಶಾ


ಕಮಲಾಪುರ
12 ಜೂನ್ 1988

ಪ್ರೀತಿಯ ಚಂದ್ರಶಾನಿಗೆ ಅಕ್ಕನ ಆಶೀರ್ವಾದ.

ರಂಜಾನ್ ಮುಗಿದ ಮೇಲೆ ಒಂದು ಬೆಳಗ್ಗೆ ಮಸ್ತಾನಬಿ ಕಾಶಿಯನ್ನು ಕರೆದು, ಜೋಳಿಗೆ ಎಲ್ಲಿಟ್ಟೆ ಎಂದು ಕೇಳಿದಳು. ತಂದ. ಮೊರದಿಂದ ಕೇರಿ, ಹರಳು ಆರಿಸಿ, ಹಿಡಿ ಹಿಡಿಯಾಗಿ ಹಾಕಿದಳು. “ಆಡಿಂದು ಮಾಫ್ ಮಾಡಿಲ್ಲ. ಜ್ವಾಳ ಹಾಕೀನಿ ಅಷ್ಟ. ಮಠ ಮುಗಿಸಿ ಬಾ, ಆಮ್ಯಾಲ ಆಡಿಂದು ಮಾತಾಡೂಣು” ಎಂದಳು. ಅವನು ಹಿಂದಿರುಗಿ ಬರುತ್ತಾನೆ ಎಂದು ಅಷ್ಟು ನೆಚ್ಚಿ ಹೇಳಿದವಳು ಅವಳೊಬ್ಬಳೇ.

ನಿನ್ನ ಮಾತನ್ನೂ ಅವನಿಗೆ ಹೇಳಿದೆ. “ಮಠ ಬೇಡ ಅಂತಾನ ನಿನ್ನ ಅಣ್ಣ, ಊರಾಗೇ ಇರು” ಎಂದೆ. ನನಗೂ ಒಳಗೊಳಗೆ ಅದೇ ಆಸೆ ಇತ್ತು. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

“ಹಗಲಿ ಆಡು ಇರ್ತಾವ ಅಕ್ಕ. ಸಂಜಿಗಿ ಅವು ಗೂಟಕ್ಕ ಹೋಗ್ತಾವ, ನಂಗ ಗೂಟ ಇಲ್ಲ. ದೀಪ ಹಚ್ಚೂ ಹೊತ್ತಿಗಿ ನನ್ನ ಕಾಲು ತಾವೇ ಆ ಕಡಿ ತಿರಗ್ತಾವ. ಮಠದಾಗ ಆ ಹೊತ್ತಿಗಿ ಎಲ್ಲರ ಕೈಯಾಗ ತಾಳ ಕೊಡ್ತಾರ. ದೇವರು ಇದ್ದಾನೋ ಇಲ್ಲೋ ಅಣ್ಣಗ ಗೊತ್ತಿರಬೇಕು. ನಂಗ ಸಂಜಿ ದಾಟಬೇಕಾಗ್ಯಾದ.”

ಚಂದ್ರಶಾ, ಇಷ್ಟು ದಿನ ನಾವಿಬ್ಬರೂ ಅವನಿಗಾಗಿ ಆರಿಸುತ್ತಿದ್ದೆವು. ಅವನನ್ನು ಕೇಳಿರಲಿಲ್ಲ. ಈಗ ಅವನೇ ಆರಿಸಿದ್ದಾನೆ. ಗುರುವಾರ, 23ಕ್ಕೆ, ಮಠಕ್ಕೆ ಒಪ್ಪಿಸುವುದೆಂದು ಗೊತ್ತಾಗಿದೆ.

ಇನ್ನು ಒಂದು ಮನೆ ಉಳಿದಿದೆ ಎನ್ನುತ್ತಾನೆ. ಅದು ಗಾಜಿಪುರದಲ್ಲಿದೆಯಂತೆ. ಬರುವ ಶನಿವಾರ ಬಸ್ಸಿಗೆ ಬರುತ್ತಾನೆ. ನಿನ್ನಲ್ಲಿ ಏನು ತೆಗೆದುಕೊಂಡ ಎಂದು ಕೇಳಿದರೆ, ಆ ಬಾಗಿಲಲ್ಲೇ ಹೇಳಬೇಕು, ಇಲ್ಲಿ ಹೇಳುವಂತಿಲ್ಲ ಎಂದ. ನೀನು ಐದು ತಿಂಗಳು ನನಗೆ ಹೇಳಲಿಲ್ಲ. ಈಗಲೂ ಕೇಳುವುದಿಲ್ಲ. ಹಾಕುವುದಾದರೆ ಹಾಕು, ಇಲ್ಲವಾದರೆ ಇಲ್ಲ ಎನ್ನು. ನಾನು ಶಿಫಾರಸು ಮಾಡಕೂಡದು.

ನಿನ್ನ ಅಕ್ಕ
ಮಲ್ಕಮ್ಮ


ಗಾಜಿಪುರ
19 ಜೂನ್ 1988

ಅಕ್ಕ,

ನಿನ್ನೆ ಮಧ್ಯಾಹ್ನ ಬಂದ. ಮೈ ಕಪ್ಪಾಗಿದೆ, ತುಸು ಬೆಳೆದಿದ್ದಾನೆ. ಒಳಗೆ ಬಾ, ಚಹಾ ಕುಡಿ ಎಂದೆ. ಅವನು ಹೊಸ್ತಿಲು ದಾಟಲಿಲ್ಲ.

“ಒಳಗ ಬರಂಗಿಲ್ಲಣ್ಣ. ಮೊದಲ ಹೇಳತೀನಿ” ಎಂದು, ಓಣಿಯ ಜನ ಓಡಾಡುತ್ತಿರುವಾಗಲೇ ಹೇಳಿದ. “ಪೋಸ್ಟರ್ ಹಚ್ಚಾಕ ಇಟ್ಟಿದ್ದ ಸಂಘದ ಸೈಕಲ್ ನಾ ಮಾರೀನಿ. ಸೇಂದಿ ಕುಡದೀನಿ. ಒಂದು ಹಿಡಿ ಜ್ವಾಳ ಹಾಕು.”

ಇಷ್ಟೇ ಹೇಳಿದ. ಆ ರಾತ್ರಿ ನಾನು ಅವನನ್ನು ಬೆಲ್ಟಿನಿಂದ ಹೊಡೆದು, ಚಳಿಯಲ್ಲಿ ಬಸ್ ನಿಲ್ದಾಣದಲ್ಲಿ ಬಿಟ್ಟು ಬಂದದ್ದನ್ನು ಅವನು ಹೇಳಲಿಲ್ಲ. ಅದು ಅವನ ಪಾಲಿನದಲ್ಲ, ನನ್ನದು. ಅದಕ್ಕೆ ನಿನಗೆ ನಾನೇ ಬರೆಯುತ್ತಿದ್ದೇನೆ.

ಹಾಕುತ್ತೇನೆ ನಿಲ್ಲು ಎಂದು ಒಳಗೆ ಬಂದೆ. ಬಂದ ಮೇಲೆ ಹೊಳೆಯಿತು, ನನ್ನ ಕೋಣೆಯಲ್ಲಿ ಜೋಳ ಎಲ್ಲಿದೆ? ಖಾನಾವಳಿಯಲ್ಲಿ ಉಣ್ಣುವವನು. ಕಾಗದ ಇದೆ, ಅಂಟು ಇದೆ, ಪುಸ್ತಿಕೆಗಳ ಕಟ್ಟು ಸೂರಿನವರೆಗಿದೆ. ಹಸಿದವರ ಬಗ್ಗೆ ಬರೆದದ್ದೆಲ್ಲ ಇತ್ತು, ಒಂದು ಕಾಳು ಇರಲಿಲ್ಲ. ಅಂಗಡಿಗೆ ಓಡಿ ಕೊಂಡು ತರುತ್ತೇನೆ ಎಂದೆ. ಅವನು ತಲೆ ಆಡಿಸಿದ. “ಕೊಂಡದ್ದು ನಡಿಯಂಗಿಲ್ಲಣ್ಣ. ಮನ್ಯಾಗ ಉಣ್ಣೂ ಜ್ವಾಳ ಆಗಬೇಕು.”

ಪಕ್ಕದ ಮನೆ ರೋಷನಬಿಯವರದು. ಎರಡು ವರ್ಷದಿಂದ ಗೋಡೆಗೆ ಗೋಡೆ ಇದ್ದರೂ ಅವರ ಬಾಗಿಲು ತಟ್ಟಿದವನಲ್ಲ ನಾನು. ನಿನ್ನೆ ತಟ್ಟಿದೆ. ಒಂದು ಹಿಡಿ ಜೋಳ ಬೇಕಿತ್ತು ಎಂದೆ. ಈ ನಾಲ್ಕು ಶಬ್ದ ಗಂಟಲಿನಿಂದ ಬರುವಾಗ ಎಷ್ಟು ಭಾರ ಎಂದು ನನಗೆ ಯಾವ ಪುಸ್ತಿಕೆಯೂ ಹೇಳಿರಲಿಲ್ಲ.

“ಒಂದ ಹಿಡಿ ಜ್ವಾಳದಾಗ ಎಂಥಾ ರೊಟ್ಟಿ ಮಾಡ್ತೀರಿ ಭಾಯಿ?” ಎಂದರು ರೋಷನಬಿ.

“ರೊಟ್ಟಿಗಲ್ರಿ. ತಮ್ಮ ಬಂದಾನ. ಅವನಿಗಿ ಹಾಕಬೇಕು.”

ಅವರು ಹಣಿಕಿ ಹೊಸ್ತಿಲಲ್ಲಿ ನಿಂತ ಹುಡುಗನನ್ನೂ ಜೋಳಿಗೆಯನ್ನೂ ನೋಡಿದರು. ಏನು ತಿಳಿಯಿತೋ, ಮುಂದೆ ಕೇಳಲಿಲ್ಲ. ಪಾತ್ರೆ ತಂದೀರೇನು ಎಂದರು. ತಂದಿರಲಿಲ್ಲ. ಎರಡೂ ಕೈ ಜೋಡಿಸಿ ಒಡ್ಡಿದೆ. ಅವರು ಹಾಕಿದರು.

ಭಿಕ್ಷೆ ಬೇಡಿದ ಕೈ ಹಕ್ಕು ಕೇಳುವುದನ್ನು ಮರೆಯುತ್ತದೆ ಎಂದು ಬರೆದಿದ್ದೆ. ನನ್ನ ಕೈ ಮರೆತಿಲ್ಲ. ಗುರುವಾರ ಕಾಶಿಯ ಜೊತೆ ಗುಡ್ಡಕ್ಕೆ ನಾನೂ ಬರುತ್ತೇನೆ. ಬುವಾನಿಗೆ ಕೇಳಲು ಪ್ರಶ್ನೆಗಳಿವೆ. ಹುಡುಗರನ್ನು ಗುಣ ಮಾಡುವವನು ಅಂಗಡಿ ಮುಚ್ಚಿಸಲು ಯಾಕೆ ಬೀದಿಗೆ ಇಳಿಯುವುದಿಲ್ಲ, ಆ ರೊಟ್ಟಿಯ ಪಂಕ್ತಿಯಲ್ಲಿ ಮಸ್ತಾನಬಿಗೆ ಯಾಕೆ ಎಲೆ ಇಲ್ಲ. ವಿಠ್ಠಲನನ್ನು ನಾನು ನಂಬಿಲ್ಲ, ಅದನ್ನೂ ಹೇಳುತ್ತೇನೆ. ಆದರೆ ಕಾಶಿಯ ಸಂಜೆಗಳನ್ನು ದಾಟಿಸುವ ಉಪಾಯ ನನ್ನಲ್ಲಿಲ್ಲ, ಅವರಲ್ಲಿದೆ. ಇದನ್ನು ಒಪ್ಪದಿದ್ದರೆ ನಾನು ಸುಳ್ಳ.

ಬೊಗಸೆಯ ಜೋಳ ಚೆಲ್ಲದಂತೆ ನಡೆದು ಬಂದು ಅವನ ಜೋಳಿಗೆಗೆ ಸುರಿದೆ. ಕೆಲವು ಕಾಳು ಹೊಸ್ತಿಲ ಮೇಲೆ ಬಿದ್ದವು. ಅವನು ಕೂತು ಒಂದೊಂದಾಗಿ ಆರಿಸಿದ. ಎದ್ದು ನನ್ನನ್ನು ನೋಡಿ, “ಅಣ್ಣ, ನಿನ್ನ ಕೈ ನಡಗಾಕತ್ತಾವ” ಎಂದ.

“ನಿನ್ನವು?” ಎಂದೆ.

ಅವನು ಜೋಳಿಗೆಯನ್ನು ಹೆಗಲಿಗೆ ಸರಿಸಿ ಎರಡೂ ಕೈ ಮುಂದೆ ಚಾಚಿದ. ನಾವಿಬ್ಬರೂ ಸ್ವಲ್ಪ ಹೊತ್ತು ಅವನ್ನೇ ನೋಡಿದೆವು. ನೆಟ್ಟಗಿದ್ದವು.

ಚಂದ್ರಶಾ